ಲಿಂಗನಿರ್ಧಾರ ಮತ್ತು ಲಿಂಗಪತ್ತೆ: ಬಾರಾನಗರದ ಒಂದು ಅಧ್ಯಾಯದ ಹಿನ್ನೆಲೆಯಲ್ಲಿ

ಕನ್ನಡದಲ್ಲಿ ‘ಲಿಂಗನಿರ್ಣಯ’ ಎಂಬ ಒಂದೇ ಪದವು ಎರಡು ಭಿನ್ನ ಅರ್ಥಗಳಲ್ಲಿ ಬಳಕೆಯಾಗುತ್ತ ಬಂದಿದೆ. ಜೀವಿಯೊಂದು ಗಂಡಾಗಿಯೋ ಹೆಣ್ಣಾಗಿಯೋ ರೂಪುಗೊಳ್ಳುವ ನೈಸರ್ಗಿಕ ಕ್ರಿಯೆ ಮೊದಲನೆಯ ಅರ್ಥ. ಗರ್ಭಸ್ಥ ಶಿಶುವಿನ ಲಿಂಗವನ್ನು ಪರೀಕ್ಷೆಯಿಂದ ತಿಳಿಯುವುದು ಎರಡನೆಯದು. ಮೊದಲನೆಯದು ಶಾಸ್ತ್ರದ ವಿಷಯ, ಎರಡನೆಯದು ನಮ್ಮಲ್ಲಿ ಶಿಕ್ಷಾರ್ಹ ಅಪರಾಧ. ಪ್ರಸ್ತುತ ಲೇಖನದಲ್ಲಿ ಇವುಗಳನ್ನು ಕ್ರಮವಾಗಿ ‘ಲಿಂಗನಿರ್ಧಾರ’ ಮತ್ತು ‘ಲಿಂಗಪತ್ತೆ’ ಎಂದು ಬೇರ್ಪಡಿಸಿ, ಈ ಭೇದವು ಏಕೆ ಅಗತ್ಯವೆಂಬುದನ್ನು ವಿವೇಚಿಸಲಾಗಿದೆ.

ಲಿಂಗನಿರ್ಧಾರದ ಚರಿತ್ರೆಯಲ್ಲಿ ಕೊಲ್ಕತ್ತದ ಬಾರಾನಗರಕ್ಕೆ ವಿಶಿಷ್ಟ ಸ್ಥಾನವಿದೆ. ಪಿ.ಸಿ. ಮಹಾಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆಯು ಇಲ್ಲಿಯೇ ಇದೆ. ಬ್ರಿಟನ್ನಿನ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರು 1957ರಲ್ಲಿ ಪತ್ನಿ ಹೆಲನ್ ಸ್ಪರ್ವೇ ಅವರೊಡನೆ ಈ ಸಂಸ್ಥೆಯನ್ನು ಸೇರಿ, 1961ರವರೆಗೆ ಇಲ್ಲಿ ಕಾರ್ಯನಿರ್ವಹಿಸಿದರು. ಅವರ ಹೆಸರಿನ ಪ್ರಸಿದ್ಧ ನಿಯಮವಾದರೋ 1922ರಷ್ಟು ಹಿಂದೆಯೇ ‘ಜರ್ನಲ್ ಆಫ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಎರಡು ಪ್ರಭೇದಗಳ ಸಂಕರದಿಂದ ಹುಟ್ಟಿದ ಸಂತತಿಯಲ್ಲಿ ಒಂದು ಲಿಂಗ ಮಾತ್ರ ಇಲ್ಲವಾದರೆ, ವಿರಳವಾದರೆ ಅಥವಾ ಬಂಜೆಯಾದರೆ, ಅದು ಪರಸ್ಪರ ಭಿನ್ನವಾದ ಎರಡು ಲಿಂಗವರ್ಣತಂತುಗಳುಳ್ಳ ಲಿಂಗವೇ ಆಗಿರುತ್ತದೆ ಎಂಬುದು ಆ ನಿಯಮದ ಸಾರ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಿಯಮವು ಗಂಡನ್ನಾಗಲಿ ಹೆಣ್ಣನ್ನಾಗಲಿ ಹೆಸರಿಸುವುದಿಲ್ಲ. ಸಸ್ತನಿಗಳಲ್ಲಿ ಗಂಡಿಗೆ ಎಕ್ಸ್ ಮತ್ತು ವೈ, ಹೆಣ್ಣಿಗೆ ಎರಡು ಎಕ್ಸ್. ಪಕ್ಷಿಗಳಲ್ಲಿಯೂ ಚಿಟ್ಟೆ, ಪತಂಗಗಳಲ್ಲಿಯೂ ಇದು ತಿರುವುಮುರುವು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಝಡ್ ಮತ್ತು ಡಬ್ಲ್ಯೂ. ಆದುದರಿಂದ ಸಂಕರದಲ್ಲಿ ನೊಣಗಳ ಗಂಡೂ ಪಕ್ಷಿಗಳ ಹೆಣ್ಣೂ ಹಾನಿಗೊಳಗಾಗುವುದು ಸಾಮಾನ್ಯ. ಎಕ್ಸ್ ಒಂದೇ ಇರುವಲ್ಲಿ ಅದರಲ್ಲಿನ ಅಪ್ರಬಲ ದೋಷಗಳನ್ನು ಮರೆಮಾಡಲು ಜೊತೆಗಾರ ಪ್ರತಿಯಿಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಕರ್ನಾಟಕದ ಸಂಶೋಧನೆಗಳೂ ಈ ವೈವಿಧ್ಯಕ್ಕೆ ಸಾಕ್ಷಿಯಾಗಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು ಡ್ರೊಸೊಫಿಲ ನಸೂಟ ಮತ್ತು ಆಲ್ಬೊಮಿಕನ್ಸ್ ಎಂಬ ನಿಕಟ ಬಂಧುಗಳನ್ನು ಸಂಕರಗೊಳಿಸಿದರು. ಮೊದಲನೆಯದಕ್ಕೆ 8 ವರ್ಣತಂತುಗಳು, ಎರಡನೆಯದಕ್ಕೆ 6. ಎರಡನೆಯದರಲ್ಲಿ ಮೂರನೆಯ ವರ್ಣತಂತು ಲಿಂಗವರ್ಣತಂತುಗಳೊಡನೆ ಬೆಸೆದುಕೊಂಡಿದೆ. ಆದರೂ ಸಂಕರ ಪೀಳಿಗೆಗಳು ಮುಂದುವರಿದು, ಪ್ರಯೋಗಾಲಯದಲ್ಲಿಯೇ ‘ಸೈಟೊರೇಸ್’ ಎನ್ನಲಾಗುವ ಹೊಸ ಕುಲಗಳು ರೂಪುಗೊಂಡವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಸಹೋದ್ಯೋಗಿಗಳು, ನಮ್ಮ ಬೇಲಿಗಳ ಮೇಲೆ ಕಾಣುವ ಓತಿಕ್ಯಾತದ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿರಿಸಿ, ಮರಿಗಳ ಲಿಂಗವು ಉಷ್ಣತೆಯನ್ನು ಅವಲಂಬಿಸುವುದನ್ನು ತೋರಿಸಿದರು. ಉಷ್ಣತೆ ಏರಿದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ಅಪೂರ್ವ ಕ್ರಮ ಅಲ್ಲಿ ಕಂಡುಬಂದಿತು. ಕರ್ನಾಟಕದ ಗ್ರಾಮೀಣ ಜೀವನಾಧಾರಗಳಲ್ಲಿ ಒಂದಾದ ರೇಷ್ಮೆಹುಳುವಿನಲ್ಲಿ ಹೆಣ್ತನವನ್ನು ನಿರ್ಧರಿಸುವುದು ಡಬ್ಲ್ಯೂ ವರ್ಣತಂತು. ಅದರಿಂದ ಹೊರಡುವ ಒಂದು ಕಿರು ಆರ್‌ಎನ್‌ಎಯೇ ಇದರ ಕೀಲಿಯೆಂಬುದು 2014ರಲ್ಲಿ ಜಪಾನಿನಲ್ಲಿ ತಿಳಿದುಬಂದಿತು. ಜೇನುಹುಳುವಿನಲ್ಲಿ ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಹೀಗೆ ಪ್ರಕೃತಿಯಲ್ಲಿ ಲಿಂಗನಿರ್ಧಾರಕ್ಕೆ ಏಕರೂಪದ ಮಾರ್ಗವಿಲ್ಲ.

ಮನುಷ್ಯರಲ್ಲಿ ವೈ ವರ್ಣತಂತುವಿನ ಮೇಲಿರುವ ಎಸ್‌ಆರ್‌ವೈ ಎಂಬ ವಂಶವಾಹಿ ಭ್ರೂಣವನ್ನು ಗಂಡಿನ ದಾರಿಗೆ ತಿರುಗಿಸುತ್ತದೆಂಬುದು 1990ರಲ್ಲಿ ಗೊತ್ತಾಯಿತು. ತಾಯಿಯ ಅಂಡಾಣುವಿನಲ್ಲಿ ಎಕ್ಸ್ ಮಾತ್ರವಿದ್ದು, ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್ ಹಾಗೂ ಅರ್ಧದಷ್ಟು ವೈ ಇರುತ್ತವೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂಷಿಸುವ ರೂಢಿಗೆ ಶಾಸ್ತ್ರದಲ್ಲಿ ಕಿಂಚಿತ್ತೂ ಆಧಾರವಿಲ್ಲ. ಆದರೆ ಭಾರವನ್ನು ತಂದೆಯ ಮೇಲೆ ಹೊರಿಸುವುದೂ ಉಚಿತವಲ್ಲ. ಅಲ್ಲಿ ನಡೆಯುವುದು ಆಕಸ್ಮಿಕ, ಆಯ್ಕೆಯಲ್ಲ.

ವೈ ವರ್ಣತಂತುವಿನ ವಿಷಯದಲ್ಲಿ ಬಾರಾನಗರದ ಇನ್ನೊಂದು ಪ್ರಸಂಗ ಬೋಧಪ್ರದವಾಗಿದೆ. ಹಾಲ್ಡೇನರ ಶಿಷ್ಯ ಕೃಷ್ಣ ದ್ರೋಣಂರಾಜು ಅವರು ಕಿವಿಯಂಚಿನ ಕೂದಲು ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವಂಶಾವಳಿಗಳನ್ನು 1960ರಲ್ಲಿ ಪ್ರಕಟಿಸಿ, ಇದು ವೈ ಮೂಲಕ ಬರುವ ಲಕ್ಷಣವೆಂದು ವಾದಿಸಿದರು. ಪಠ್ಯಪುಸ್ತಕಗಳು ಈ ಉದಾಹರಣೆಯನ್ನು ಸ್ವೀಕರಿಸಿದವು. ಆದರೆ 2004ರಲ್ಲಿ ಪ್ರಕಟವಾದ ಅಣುಮಟ್ಟದ ಅಧ್ಯಯನವು, ಈ ಲಕ್ಷಣವುಳ್ಳ ದಕ್ಷಿಣ ಭಾರತದ ಪುರುಷರ ವೈ ವರ್ಣತಂತುಗಳು ಒಂದೇ ಮೂಲದವಲ್ಲವೆಂದು ತೋರಿಸಿ ಆ ವಾದವನ್ನು ಅಲ್ಲಗಳೆಯಿತು. ಶಾಸ್ತ್ರವು ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆ ಇದು.

ಜಾಹೀರಾತಿಗೆ ಈ ಗುಣವಿಲ್ಲ. 1980ರ ದಶಕದಲ್ಲಿ ಉತ್ತರ ಹಾಗೂ ಪಶ್ಚಿಮ ಭಾರತದ ನಗರಗಳಲ್ಲಿ ಲಿಂಗಪತ್ತೆಯ ಪರೀಕ್ಷೆಯನ್ನು, ಇಂದಿನ ಅಲ್ಪ ವೆಚ್ಚದಿಂದ ಮುಂದಿನ ವರದಕ್ಷಿಣೆಯನ್ನು ಉಳಿಸುವ ಉಪಾಯವೆಂಬಂತೆ ಬಹಿರಂಗವಾಗಿ ಸಾರಲಾಯಿತು. ಮಗಳೆಂದರೆ ನಷ್ಟ ಎಂಬ ಲೆಕ್ಕ ಗೋಡೆಬರಹವಾಗಿ, ಮನೆಯ ಹದಿಹರೆಯದ ಹುಡುಗ ಹುಡುಗಿಯರ ಕಣ್ಣಿಗೂ ಬಿದ್ದಿತು. ಶಾಲೆಯ ಜೀವಶಾಸ್ತ್ರದ ಪಾಠವು ಎಕ್ಸ್, ವೈಗಳ ಸಮಾನ ಸಂಭವನೀಯತೆಯನ್ನು ಕಲಿಸುತ್ತಿದ್ದರೆ, ಜಾಹೀರಾತು ಅದೇ ಸಂಗತಿಗೆ ಬೆಲೆ ಕಟ್ಟುತ್ತಿತ್ತು. 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆಯು 1996ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 22ನೆಯ ಪ್ರಕರಣವು ಇಂಥ ಜಾಹೀರಾತನ್ನೇ ನಿಷೇಧಿಸಿ, 3 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. 2003ರ ತಿದ್ದುಪಡಿಯು ಅಂತರಜಾಲವನ್ನೂ ಈ ನಿಷೇಧದೊಳಕ್ಕೆ ತಂದಿತು. ಅಂತರಜಾಲ ಶೋಧಸಂಸ್ಥೆಗಳ ಜಾಹೀರಾತುಗಳ ವಿರುದ್ಧ ಸಾಬು ಮ್ಯಾಥ್ಯೂ ಜಾರ್ಜ್ ಅವರು 2008ರಲ್ಲಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ಇತ್ಯರ್ಥಪಡಿಸಿತು. ಇದಕ್ಕೆ ಹಿನ್ನೆಲೆಯಾದ ಅಂಕಿಗಳು ಕಠೋರವಾಗಿವೆ: ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಭಾರತದಲ್ಲಿ ಇದ್ದ ಹೆಣ್ಣುಮಕ್ಕಳು 1991ರಲ್ಲಿ 945, 2001ರಲ್ಲಿ 927, ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ 960ರಿಂದ 946ಕ್ಕೆ ಇಳಿಕೆ.

ಹಾಲ್ಡೇನರೊಡನೆ ಭಾರತಕ್ಕೆ ಬಂದ ‘ಜರ್ನಲ್ ಆಫ್ ಜೆನೆಟಿಕ್ಸ್’ 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಿಂದ ಪ್ರಕಟವಾಗುತ್ತಿದೆ. ಬಾರಾನಗರದ ಪರಂಪರೆಯ ಒಂದು ಕೊಂಡಿ ಹೀಗೆ ಕನ್ನಡನಾಡನ್ನು ತಲುಪಿದೆ. ಆ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವವರು, ವಿಶೇಷವಾಗಿ ಹೊರನಾಡಿನಲ್ಲಿದ್ದು ನಿಘಂಟು ಹಾಗೂ ಅನುವಾದಗಳಲ್ಲಿ ತೊಡಗಿರುವ ಸಂಶೋಧಕರು, ‘ನಿರ್ಣಯ’ ಪದವನ್ನು ಎರಡೂ ಕಡೆ ಬಳಸುವುದನ್ನು ಕೈಬಿಡುವುದು ಒಳಿತು. ನಿರ್ಣಯವೆಂಬ ಮಾತಿನಲ್ಲಿ ನಿರ್ಣಯಿಸುವ ಒಬ್ಬ ಕರ್ತೃವಿನ ಸೂಚನೆಯಿದೆ. ಲಿಂಗನಿರ್ಧಾರದಲ್ಲಿ ಅಂಥ ಕರ್ತೃವಿಲ್ಲ. ಲಿಂಗಪತ್ತೆಯಲ್ಲಿ ಇದ್ದಾನೆ, ಮತ್ತು ಅವನು ಕಾನೂನಿಗೆ ಉತ್ತರ ಹೇಳಬೇಕಾದವನು.