ಸಾಧನಗಳಿಗೆ ಸ್ಮೃತಿಯನ್ನು ಹಂಚುವಲ್ಲಿ ಎಲ್ಲೆಯ ನಿಯಮ

ಗಣಕಯಂತ್ರದ ಪ್ರೊಸೆಸರು ತನಗೆ ಬೇಕಾದ ಮಾಹಿತಿಯನ್ನು ಪ್ರತಿಸಲವೂ ಮುಖ್ಯಸ್ಮೃತಿಯಿಂದ ತರುವುದಿಲ್ಲ. ಅದರ ಒಂದು ಪ್ರತಿಯನ್ನು ಸಮೀಪದ ಕಿರುಸ್ಮೃತಿಯಲ್ಲಿ ಇಟ್ಟುಕೊಂಡು ಅಲ್ಲಿಯೇ ಓದಿ ತಿದ್ದುತ್ತದೆ. ಇದಕ್ಕೆ ಕ್ಯಾಷ್ ಎಂದು ಹೆಸರು. ಇಂಥ ಏರ್ಪಾಟನ್ನು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಅವರು 1965ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. 1968ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ ಸಿಸ್ಟಮ್/360 ಮಾಲೆಯ 85ನೆಯ ಮಾದರಿಯಲ್ಲಿ ಅದನ್ನು ಅಳವಡಿಸಲಾಯಿತು. ಮೂಲ ಒಂದೆಡೆ, ಪ್ರತಿ ಇನ್ನೊಂದೆಡೆ ಇರುವಲ್ಲಿ, ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಪರಿಚಿತವಾದ ಪ್ರಶ್ನೆಯೇ ತಲೆದೋರುತ್ತದೆ: ಯಾವ ಪಾಠವು ಪ್ರಮಾಣ?

ಡಿಸ್ಕು, ಜಾಲಸಂಪರ್ಕದ ಕಾರ್ಡು ಮೊದಲಾದ ಸಾಧನಗಳು ಪ್ರೊಸೆಸರಿನ ಮಧ್ಯಸ್ಥಿಕೆಯಿಲ್ಲದೆ ಮುಖ್ಯಸ್ಮೃತಿಗೆ ನೇರವಾಗಿ ಬರೆಯಬಲ್ಲವು. ಕೆಲವು ಯಂತ್ರಗಳಲ್ಲಿ ಈ ಬರವಣಿಗೆಯ ಸುದ್ದಿಯು ಕ್ಯಾಷಿಗೆ ತಾನಾಗಿಯೇ ಮುಟ್ಟುತ್ತದೆ. ಮುಟ್ಟದ ಯಂತ್ರಗಳೂ ಉಂಟು. ಆರ್ಮ್ ಪ್ರೊಸೆಸರುಳ್ಳ ಅನೇಕ ಸಣ್ಣ ಯಂತ್ರಗಳು ಈ ವರ್ಗದವು. ಅಲ್ಲಿ ಹೊಂದಾಣಿಕೆಯ ಹೊಣೆಯು ಸಾಧನವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶದ್ದು. ಸಾಧನಕ್ಕೆ ಮಾಹಿತಿ ಕೊಡುವ ಮುನ್ನ ಅದು ಕ್ಯಾಷಿನ ತಿದ್ದುಪಡಿಗಳನ್ನು ಮುಖ್ಯಸ್ಮೃತಿಗೆ ಬರೆಯಿಸಬೇಕು; ಸಾಧನದಿಂದ ಬಂದುದನ್ನು ಓದುವ ಮುನ್ನ ಕ್ಯಾಷಿನ ಹಳೆಯ ಪ್ರತಿಯನ್ನು ರದ್ದುಪಡಿಸಬೇಕು.

ಆದರೆ ಕ್ಯಾಷಿನ ವ್ಯವಹಾರವೆಲ್ಲ ಸಾಲುಗಳಲ್ಲಿ. ಸಾಮಾನ್ಯವಾಗಿ 64 ಬೈಟುಗಳಿಗೆ ಒಂದು ಸಾಲು. ಬರೆಯಿಸುವುದೂ ರದ್ದುಪಡಿಸುವುದೂ ಇಡೀ ಸಾಲಿಗೆ ಅನ್ವಯಿಸುತ್ತವೆ. ಒಂದು ಸಾಲಿನ ಮೊದಲ 16 ಬೈಟುಗಳು ಸಾಧನದ ಪಾಲಿಗೆ ಸೇರಿವೆಯೆಂದೂ, ಮುಂದಿನ 8 ಬೈಟುಗಳಲ್ಲಿ ಪ್ರೊಸೆಸರಿನ ಬೇರೊಂದು ಲೆಕ್ಕವಿದೆಯೆಂದೂ, ಆ ಸಾಲಿನ ಹಳೆಯ ಪ್ರತಿಯು ಕ್ಯಾಷಿನಲ್ಲಿದೆಯೆಂದೂ ಭಾವಿಸೋಣ. ಸಾಧನವು ಮುಖ್ಯಸ್ಮೃತಿಯಲ್ಲಿ ಹೊಸ ಮಾಹಿತಿಯನ್ನು ಬರೆಯುತ್ತಿರುವಾಗಲೇ ಪ್ರೊಸೆಸರು ಕ್ಯಾಷಿನಲ್ಲಿ ತನ್ನ ಲೆಕ್ಕವನ್ನು ತಿದ್ದಿತು. ಈಗ ಸಾಲನ್ನು ಮುಖ್ಯಸ್ಮೃತಿಗೆ ಬರೆಯಿಸಿದರೆ ಸಾಧನದ ಹೊಸ ಮಾಹಿತಿ ಅಳಿಯುತ್ತದೆ. ರದ್ದುಪಡಿಸಿದರೆ ಲೆಕ್ಕದ ತಿದ್ದುಪಡಿ ನಷ್ಟವಾಗುತ್ತದೆ. ನಷ್ಟವಾದುದರ ಸೂಚನೆಯೂ ಆಗ ದೊರೆಯದು. ಆದುದರಿಂದ ಸಾಧನಕ್ಕೆ ಮೀಸಲಾದ ಸ್ಥಳವು ಸಾಲಿನ ಎಲ್ಲೆಯಲ್ಲಿ ಆರಂಭವಾಗಿ ಎಲ್ಲೆಯಲ್ಲಿಯೇ ಮುಗಿಯತಕ್ಕದ್ದು. ಈ ನಿಯಮವು ವೇಗಕ್ಕಾಗಿ ಅಲ್ಲ, ಮಾಹಿತಿಯ ಸತ್ಯತೆಗಾಗಿ.

ನಿಯಮಕ್ಕೆ ಬೆಲೆಯೂ ಉಂಟು. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳು 64 ಬಿಟ್ಟಿನ ವಿವಿಧ ಆರ್ಮ್ ಯಂತ್ರಗಳಿಗೆ ಒಂದೇ ರೂಪದಲ್ಲಿ ಸಲ್ಲಬೇಕಾದುದರಿಂದ, ಅದರ ಸಾಮಾನ್ಯ ಹಂಚಿಕೆಯಲ್ಲಿ 128 ಬೈಟುಗಳ ಎಲ್ಲೆಯನ್ನು ವಿಧಿಸಲಾಗಿತ್ತು. 8 ಬೈಟು ಕೇಳಿದಲ್ಲಿಯೂ 128 ಬೈಟು ವ್ಯಯವಾಗುತ್ತಿದ್ದಿತು. 2023ರಲ್ಲಿ ಹೊರಬಂದ 6.5ನೆಯ ಆವೃತ್ತಿಯಲ್ಲಿ ಈ ಕಟ್ಟನ್ನು 8 ಬೈಟುಗಳಿಗೆ ಇಳಿಸಲು ಅವಕಾಶ ಮಾಡಲಾಯಿತು. ಎಲ್ಲೆಗೆ ಹೊಂದದ ಚಿಕ್ಕ ತುಣುಕು ಮೇಲೆ ಹೇಳಿದಂಥ ಸಾಧನದ ಕೈಗೆ ಹೋಗಬೇಕಾದಾಗ, ಅದನ್ನು ಎಲ್ಲೆಕಟ್ಟಿದ ಪ್ರತ್ಯೇಕ ಸ್ಥಳವೊಂದರ ಮೂಲಕ ನಕಲು ಮಾಡಿ ಸಾಗಿಸಲಾಗುತ್ತದೆ. ಹೀಗೆ ಸ್ಥಳದ ವ್ಯಯವು ತಗ್ಗಿ, ಅಂಥ ಸಂದರ್ಭದಲ್ಲಿ ಮಾತ್ರ ಕಾಲದ ವ್ಯಯವು ಒದಗುತ್ತದೆ. ಸಾಧನವು ಬರೆಯುತ್ತಿರುವ ಸಾಲನ್ನು ಪ್ರೊಸೆಸರು ತಿದ್ದಕೂಡದೆಂಬ ಮೂಲನಿಯಮವು ಎರಡು ಏರ್ಪಾಟುಗಳಲ್ಲಿಯೂ ಒಂದೇ.