ಕ್ರೀಡಾ ಪೌಷ್ಟಿಕ ತಜ್ಞರ ವೃತ್ತಿ: ಶುಲ್ಕವೋ, ಕಮಿಷನ್ನೋ?

ವರ್ತಕರ ಮನೆಯ ಮಕ್ಕಳೆಲ್ಲರೂ ಗಲ್ಲಾಪೆಟ್ಟಿಗೆಯ ಮುಂದೆಯೇ ಕೂರಬೇಕೆಂಬ ಕಾಲ ಎಂದೋ ಮುಗಿದಿದೆ. ಕ್ರೀಡಾ ಪೌಷ್ಟಿಕ ತಜ್ಞಳಾಗುತ್ತೇನೆಂದು ಮಗಳು ಹೇಳಿದಾಗ, ‘ಅದರಲ್ಲಿ ಸಂಪಾದನೆ ಎಷ್ಟು?’ ಎಂದು ತಂದೆ ಕೇಳುವುದು ಸಹಜ. ಆದರೆ ಈ ವೃತ್ತಿಯಲ್ಲಿ ಹಣ ಎಷ್ಟು ಬರುತ್ತದೆ ಎಂಬುದಕ್ಕಿಂತ ಯಾರಿಂದ ಬರುತ್ತದೆ ಎಂಬುದೇ ಹೆಚ್ಚು ಮುಖ್ಯವಾದುದು.

ಮೊದಲು ವಿದ್ಯಾರ್ಹತೆ. ಆಹಾರ ಮತ್ತು ಪೋಷಣಾ ವಿಜ್ಞಾನದಲ್ಲಿ ಪದವಿ, ಬಳಿಕ ಸ್ನಾತಕೋತ್ತರ ಪದವಿ ಸಾಮಾನ್ಯ ಮಾರ್ಗ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕ್ರೀಡಾ ಪೋಷಣೆಯಲ್ಲಿಯೇ ಎಂ.ಎಸ್ಸಿ. ಶಿಕ್ಷಣ ನೀಡುತ್ತದೆ. ವೈದ್ಯಕೀಯ ಪೂರಕ ವೃತ್ತಿಗಳಿಗೆ ಸಂಬಂಧಿಸಿದ 2021ರ ಕೇಂದ್ರ ಕಾಯಿದೆ ಪೌಷ್ಟಿಕ ತಜ್ಞರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರಂತೆ ವೃತ್ತಿಪರರೆನಿಸಲು ಮೂರರಿಂದ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ 3,600 ಗಂಟೆಗಳ ಅಧ್ಯಯನ ಅವಶ್ಯಕ. ಆರು ವಾರಗಳ ಪ್ರಮಾಣಪತ್ರಕ್ಕೆ ದುಡ್ಡು ಕಟ್ಟುವ ಮುನ್ನ ಈ ಅಂಕಿಯನ್ನು ನೆನೆಯುವುದು ಒಳಿತು.

ಕೆಲಸವೂ ಒಂದು ಬಗೆಯ ಜಮಾ-ಖರ್ಚೇ. ಕ್ರೀಡಾಪಟುವಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆಂಬುದು ಅಂಗೀಕೃತ ಅಳತೆ. 60 ಕಿಲೋ ತೂಗುವ ಓಟಗಾರನಿಗೆ ಇದು 72ರಿಂದ 120 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ದೊರೆಯುತ್ತದೆ. ಉಳಿದುದನ್ನು ಹಾಲು, ಮೊಸರು, ಕಾಳಿನ ಸಾರುಗಳಲ್ಲಿ ಹೇಗೆ ಸರಿದೂಗಿಸಬೇಕು, ಅಭ್ಯಾಸಕ್ಕೆ ಎಷ್ಟು ಹೊತ್ತು ಮೊದಲು ಮುದ್ದೆ ಉಣ್ಣಬೇಕು ಎಂಬುದನ್ನು ತಜ್ಞರು ನಿರ್ಧರಿಸುತ್ತಾರೆ. ಬಹುಪಾಲು ಜನರಿಗೆ ಅಡುಗೆಮನೆಯೇ ಸಾಕಾಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಕ್ರೀಡಾ ಪ್ರಾಧಿಕಾರದ ಕೇಂದ್ರಗಳು, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯಿರುವಂತಹ ಖಾಸಗಿ ಕ್ರೀಡಾ ಸಂಸ್ಥೆಗಳು ಸಂಬಳ ಕೊಡುತ್ತವೆ. ಆದರೆ ಅಲ್ಲಿನ ಹುದ್ದೆಗಳು ಕೆಲವೇ. ಸ್ವತಂತ್ರವಾಗಿ ನಿಂತವರು ಸಲಹಾ ಶುಲ್ಕವನ್ನೇ ನಂಬಬೇಕು. ಶುಲ್ಕ 1,000 ರೂ. ಎಂದಿಟ್ಟುಕೊಳ್ಳೋಣ. 3,000 ರೂ. ಬೆಲೆಯ ಪ್ರೋಟೀನ್ ಪುಡಿಯ ಡಬ್ಬಿ ಬರೆದುಕೊಟ್ಟರೆ ಅಂಗಡಿಯವರು ಶೇ. 20 ಕಮಿಷನ್, ಅಂದರೆ ತಿಂಗಳು ತಿಂಗಳೂ 600 ರೂ. ಕೊಡುತ್ತಾರೆ. ಎರಡನೆಯ ತಿಂಗಳಿಗೇ ಕಮಿಷನ್ ಶುಲ್ಕವನ್ನು ಮೀರುತ್ತದೆ. ಆ ಬಳಿಕ ಬಂದವರೆಲ್ಲರಲ್ಲಿಯೂ ಪ್ರೋಟೀನಿನ ಕೊರತೆಯೇ ಕಾಣತೊಡಗಿದರೆ ಅಚ್ಚರಿಯಿಲ್ಲ!

ಇದು ಕೇವಲ ನೀತಿಯ ಮಾತಲ್ಲ. ಉದ್ದೀಪನ ಮದ್ದಿನ ನಿಯಮಗಳಂತೆ ದೇಹದಲ್ಲಿ ಕಂಡುಬಂದ ನಿಷೇಧಿತ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ಅರಿಯದೆ ಸೇವಿಸಿದೆನೆಂಬ ಮಾತು ಶಿಕ್ಷೆಯನ್ನು ತಗ್ಗಿಸಬಹುದೇ ಹೊರತು ಫಲಿತಾಂಶವನ್ನು ಅಳಿಸದು. ನಿಷೇಧ ನಾಲ್ಕು ವರ್ಷಗಳವರೆಗೂ ಆಗಬಹುದು. ಓಟಗಾರನ ಪಾಲಿಗೆ ಅದು ಬಹುತೇಕ ಇಡೀ ವೃತ್ತಿಜೀವನ. 2022ರ ರಾಷ್ಟ್ರೀಯ ಉದ್ದೀಪನ ನಿಗ್ರಹ ಕಾಯಿದೆಯು ಕ್ರೀಡಾಪಟುವಿಗೆ ನೆರವಾಗುವ ಸಿಬ್ಬಂದಿಯನ್ನೂ ಒಳಗೊಂಡಿದೆ.

ಸಣ್ಣ ತಯಾರಕರೂ ಗಮನಿಸಬೇಕು. ಆರೋಗ್ಯ ಪೂರಕ ಆಹಾರಗಳಿಗೆ ಹಾರ್ಮೋನು, ಸ್ಟೀರಾಯ್ಡುಗಳನ್ನು ಬೆರೆಸುವಂತಿಲ್ಲ. ಬೇಕೆಂದು ಬೆರೆಸದಿದ್ದರೂ, ಒಂದೇ ಮಿಶ್ರಣ ಯಂತ್ರದಲ್ಲಿ ಬೇರೆ ಸರಕು ತಯಾರಾಗಿದ್ದರೆ ಅದರ ಅಂಶ ಉಳಿಯಬಹುದು. ಪ್ರತಿ ಬ್ಯಾಚಿನ ಮಾದರಿಯನ್ನೂ ಪ್ರಯೋಗಾಲಯದ ವರದಿಯನ್ನೂ ಕಾದಿರಿಸುವುದು ಕ್ಷೇಮ. ತಜ್ಞರ ಸಲಹೆ ಪಡೆಯುವವರು ಡಬ್ಬಿಯ ಲೆಕ್ಕದಲ್ಲಿ ಹಣ ಕೊಡದೆ, ಲಿಖಿತ ಒಪ್ಪಂದದಂತೆ ನಿಗದಿತ ಶುಲ್ಕ ಕೊಡುವುದು ಸೂಕ್ತ.

ಕಡೆಯದಾಗಿ ತೆರಿಗೆ. ಕೇವಲ ಸರಕು ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ಕರ್ನಾಟಕದಲ್ಲಿ 40 ಲಕ್ಷ ರೂ. ವಹಿವಾಟು. ಸಲಹೆಯ ಜೊತೆಗೆ ಡಬ್ಬಿಗಳನ್ನೂ ಮಾರುವ, ಕಮಿಷನ್ನನ್ನೂ ಪಡೆಯುವ ತಜ್ಞರಿಗೆ ಈ ರಿಯಾಯಿತಿ ಅನ್ವಯಿಸದು. ಎಲ್ಲವನ್ನೂ ಕೂಡಿಸಿ 20 ಲಕ್ಷ ರೂ.ಗಳ ಮಿತಿಯನ್ನೇ ನೋಡಬೇಕಾಗುತ್ತದೆ. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿಯೂ ಬೇಕು. ಶುಲ್ಕ, ಮಾರಾಟ, ಕಮಿಷನ್ ಇವುಗಳನ್ನು ಮೊದಲ ದಿನದಿಂದಲೇ ಬೇರೆ ಬೇರೆ ಖಾತೆಗಳಲ್ಲಿ ಬರೆಯತಕ್ಕದ್ದು.