ಗೋವಾ ಐರನ್‌ಮನ್ ರೇಸ್‌ಗೆ ಹೋಗ್ತೀರಾ? ಬಿಸಿಲು, ಏರು ಎರಡಕ್ಕೂ ರೆಡಿ ಆಗೋದು ಹೀಗೆ

ಕಾರವಾರ: ಇಲ್ಲಿಂದ ಹೆದ್ದಾರಿ 66 ಹಿಡಿದು ಸುಮಾರು ನೂರು ಕಿ.ಮೀ. ಹೋದರೆ ಪಣಜಿ. ಅಲ್ಲಿನ ಮಿರಾಮಾರ್ ಬೀಚ್‌ನಲ್ಲಿ 2019ರಲ್ಲಿ ಶುರುವಾದ ಐರನ್‌ಮನ್ 70.3 ಟ್ರಯಥ್ಲಾನ್, ಕೋವಿಡ್ ಕಾಲ ಬಿಟ್ಟರೆ ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ ನಡೆಯುತ್ತಾ ಬಂದಿದೆ. ದೊಡ್ಡ ಟ್ರಯಥ್ಲಾನ್ ಅಂದರೆ ಯಾವುದೋ ಫಾರಿನ್ ವಿಷಯ ಅಂತ ಇದ್ದ ಕಾಲ ಹೋಯಿತು. ಈಗ ಅದು ಪಕ್ಕದ ಮನೆ ವಿಷಯ.

ಹೆಸರಿನಲ್ಲಿರುವ 70.3 ಅಂದರೆ ಒಟ್ಟು ದೂರ, ಮೈಲಿ ಲೆಕ್ಕದಲ್ಲಿ. ನಮ್ಮ ಲೆಕ್ಕಕ್ಕೆ 113 ಕಿ.ಮೀ. ಮೊದಲು ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಮಧ್ಯೆ ವಿರಾಮ ಇಲ್ಲ, ಬಟ್ಟೆ ಬದಲಿಸೋ ಸಮಯವೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

ಬೆಂಗಳೂರು ದಕ್ಷಿಣ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಇದೇ ರೇಸ್ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡ್‌ಗೆ. ಅಂದರೆ ಗಡುವಿಗೆ ಉಳಿದಿದ್ದು ಎರಡೂವರೆ ನಿಮಿಷವೂ ಅಲ್ಲ. ಒಂದು ಪಂಕ್ಚರ್ ಆಗಿದ್ದರೂ ಕಥೆ ಬೇರೆ ಆಗುತ್ತಿತ್ತು.

ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದವರೂ ಆ ಒಂದು ದಿನದಲ್ಲಿ ಎಡವುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ: ಬಿಸಿಲಿನಲ್ಲಿ, ಏರಿನಲ್ಲಿ ಶುರುವಿಗೇ ಜೋರು ಹೋಗಿರ್ತಾರೆ. ಹಾಗಾಗಿ ಇಲ್ಲಿ ಹೇಳ್ತಿರೋದು ಹೇಗೆ ಫಾಸ್ಟ್ ಹೋಗೋದು ಅಂತ ಅಲ್ಲ, ಹೇಗೆ ಸುರಕ್ಷಿತವಾಗಿ ಮುಗಿಸೋದು ಅಂತ.

ಕರಾವಳಿ ಬಿಸಿಲು ಯಾಕೆ ಬೇರೆ?

ನಾವು ಸೈಕಲ್ ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಪೆಡಲ್‌ಗೆ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಬರೀ ಶಾಖ. ಆ ಶಾಖ ಹೊರಹೋಗೋದು ಮುಖ್ಯವಾಗಿ ಬೆವರು ಆರುವುದರಿಂದ. ಬೆವರು ಸುರಿದರೆ ಸಾಲದು, ಆರಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗಲ್ಲ ಅಲ್ವಾ? ಅದೇ ಕಥೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ಹೋಯಿತು, ಮೈ ಮಾತ್ರ ತಂಪಾಗಲಿಲ್ಲ. ಬಯಲುಸೀಮೆಯ 36 ಡಿಗ್ರಿಗಿಂತ ಕರಾವಳಿಯ 32 ಡಿಗ್ರಿ ಹೆಚ್ಚು ಸುಸ್ತು ಮಾಡೋದು ಇದಕ್ಕೇ.

ಆದರೆ ದೇಹ ಬಿಸಿಲಿಗೆ ಹೊಂದಿಕೊಳ್ಳುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಬಿಸಿ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ 10ರಿಂದ 14 ದಿನದಲ್ಲಿ ಬದಲಾವಣೆ ಕಾಣುತ್ತದೆ. ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಮ್ಮಿಯಾಗುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಬಿಟ್ಟರೆ ಕೆಲವೇ ವಾರದಲ್ಲಿ ಇದು ಹೋಗಿಬಿಡುತ್ತದೆ. ಹಾಗಾಗಿ ರೇಸ್‌ಗೆ ಮುಂಚಿನ ಎರಡು-ಮೂರು ವಾರ ಬರೀ ನಸುಕಿನ ತಂಪಲ್ಲೇ ಓಡಬೇಡಿ. ಮೊದಲ ದಿನ 30 ನಿಮಿಷ ಸಾಕು, ನಿಧಾನಕ್ಕೆ ಹೆಚ್ಚಿಸಿ. ಊರು ಕರಾವಳಿಯಲ್ಲೇ ಇದ್ದರೂ ದಿನವಿಡೀ ಎಸಿ ರೂಮಲ್ಲಿ ಕೂರುವವರಿಗೂ ಇದು ಬೇಕು.

ಏರು: ಗೇರ್ ಬದಲಿಸಿ, ಹಟ ಬೇಡ

ಪಣಜಿ ಸುತ್ತಿನ ರಸ್ತೆ ಸಮತಟ್ಟಲ್ಲ. ಏರು, ಇಳುಕಲು ಬರ್ತಾನೇ ಇರುತ್ತದೆ. ಸುತ್ತು ಹೊಡೆಯುವ ರೂಟ್ ಆದಾಗ ಮೊದಲ ಸುತ್ತಿನಲ್ಲಿ ಸಲೀಸಾಗಿ ಹತ್ತಿದ ಏರೇ ಕೊನೇ ಸುತ್ತಿನಲ್ಲಿ ಗೋಡೆ ಥರ ಕಾಣುತ್ತದೆ.

ಏರಿನಲ್ಲಿ ಇನ್ನೊಂದು ತೊಂದರೆ ಇದೆ. ಶ್ರಮ ಜಾಸ್ತಿ, ವೇಗ ಕಮ್ಮಿ. ವೇಗ ಕಮ್ಮಿ ಅಂದರೆ ಮೈಗೆ ಬೀಸುವ ಗಾಳಿಯೂ ಕಮ್ಮಿ. ಹಾಗಾಗಿ ದೇಹ ಅತಿ ಬೇಗ ಬಿಸಿಯಾಗೋದು ಏರಿನಲ್ಲೇ. ಪಕ್ಕದವರು ಹಿಂದೆ ಹಾಕಿ ಹೋದರೆ ಹೋಗಲಿ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರು ಇರಬೇಕು. ಇಲ್ಲ ಅಂದರೆ ಗೇರ್ ಇಳಿಸಿ.

ಮುಂದೆ 34 ಹಲ್ಲಿನ ಚಿಕ್ಕ ಚಕ್ರ, ಹಿಂದೆ 30 ಅಥವಾ 32 ಹಲ್ಲಿನ ದೊಡ್ಡ ಚಕ್ರ ಇದ್ದರೆ ಏರಿನಲ್ಲಿ ಮಂಡಿ ಉಳಿಯುತ್ತದೆ. ಇದನ್ನು ರೇಸ್ ವಾರದಲ್ಲಲ್ಲ, ಎರಡು ತಿಂಗಳು ಮುಂಚೆಯೇ ಸೈಕಲ್ ಅಂಗಡಿಯಲ್ಲಿ ಮಾಡಿಸಿ.

ಪ್ರಾಕ್ಟೀಸ್‌ಗೆ ನಮಗಿರುವಷ್ಟು ಘಟ್ಟ ಯಾರಿಗಿದೆ? ಕುಮಟಾ–ಶಿರಸಿ ಮಧ್ಯೆ ದೇವಿಮನೆ ಘಟ್ಟ, ಕದ್ರಾ ದಾಟಿದರೆ ಅಣಶಿ ಘಟ್ಟ. ಅಂಕೋಲಾ–ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಲಾರಿ ಹೆಚ್ಚು, ಅದನ್ನು ಬಿಟ್ಟುಬಿಡಿ. ಎಲ್ಲೇ ಹೋದರೂ ಒಬ್ಬರೇ ಹೋಗಬೇಡಿ. ಇಳಿಯುವಾಗ ಬೆವರಿದ ಕೈ ಬ್ರೇಕ್ ಮೇಲೆ ಜಾರುತ್ತದೆ, ಗ್ಲೌಸ್ ಹಾಕಿ.

ನೀರು ಎಷ್ಟು, ಉಪ್ಪು ಎಷ್ಟು?

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ನಿಮ್ಮ ಲೆಕ್ಕ ನೀವೇ ಕಂಡುಹಿಡಿಯಬಹುದು. ಬಿಸಿಲಲ್ಲಿ ಒಂದು ಗಂಟೆ ವ್ಯಾಯಾಮಕ್ಕೆ ಮೊದಲು ಮತ್ತು ನಂತರ ಮೈ ಒರೆಸಿಕೊಂಡು ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಮಧ್ಯೆ ನೀರು ಕುಡಿದಿದ್ದರೆ ಅದನ್ನೂ ಕೂಡಿಸಿ. ಮನೆಯಲ್ಲಿ ಯಂತ್ರ ಇಲ್ಲದಿದ್ದರೆ ಪರಿಚಯದ ದಿನಸಿ ಅಂಗಡಿಯಲ್ಲಿ ಮೂಟೆ ತೂಗುವ ಯಂತ್ರ ಸಾಕು.

ಹೋದ ಬೆವರನ್ನೆಲ್ಲ ಆಗಲೇ ತುಂಬಿಸಬೇಕು ಅಂತಿಲ್ಲ. ಅತಿಯಾಗಿ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಓಟಗಾರರಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಮ್ಮಿ ಇತ್ತು. ರೇಸ್ ಮಧ್ಯೆ ತೂಕ ಏರೋವಷ್ಟು ಯಾವತ್ತೂ ಕುಡಿಯಬಾರದು.

ಡಬ್ಲ್ಯುಎಚ್‌ಒ ಸೂತ್ರದ ಒಆರ್‌ಎಸ್ ಪುಡಿಯಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಉಪ್ಪಿಗೆ ಇದು ಒಳ್ಳೆಯದು. ಆದರೆ ಶಕ್ತಿಗೆ ಏನೂ ಸಾಲದು, ಯಾಕಂದ್ರೆ ಇಂಥ ರೇಸ್‌ನಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸಿಗೋದು ಸುಮಾರು 25 ಗ್ರಾಂ. ಹಾಗಾಗಿ ಜೆಲ್, ಖರ್ಜೂರ, ಸಕ್ಕರೆ ಹಾಕಿದ ಪಾನೀಯ ಏನಾದರೂ ಜೊತೆಗೆ ಬೇಕೇ ಬೇಕು. ನಮ್ಮ ಕೋಕಂ ಶರಬತ್ತಿಗೆ ಉಪ್ಪು ಹಾಕಿ ಬಾಟ್ಲಿಗೆ ತುಂಬಿಸಿದರೂ ನಡೆಯುತ್ತದೆ. ಆದರೆ ಹೊಟ್ಟೆ ಒಪ್ಪುತ್ತೋ ಇಲ್ಲವೋ ಅಂತ ಪ್ರಾಕ್ಟೀಸ್‌ನಲ್ಲೇ ನೋಡಿರಬೇಕು. ರೇಸ್ ದಿನ ಹೊಸದೇನೂ ಬೇಡ: ಹೊಸ ಶೂ ಬೇಡ, ಹೊಸ ಜೆಲ್ ಬೇಡ, ಹೊಸ ಚಡ್ಡಿಯೂ ಬೇಡ.

ನೋವಿನ ಮಾತ್ರೆ ನುಂಗಿ ಓಡೋರು ಇದ್ದಾರೆ. ಮೈಯಲ್ಲಿ ನೀರು ಕಮ್ಮಿ ಇದ್ದಾಗ ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೆ ಹೊಡೆತ ಕೊಡುತ್ತದೆ. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಹೆಸರು ಕೊಡೋ ಮೊದಲೇ ಡಾಕ್ಟರ್ ಹತ್ತಿರ ಹೋಗಿ.

ರೇಸ್ ದಿನದ ಟೈಮ್ ಲೆಕ್ಕ

ಹಿಂದಿನ ದಿನವೇ ಸೈಕಲ್ ಒಪ್ಪಿಸಬೇಕು. ಬಿಸಿಲಲ್ಲಿ ನಿಲ್ಲೋ ಸೈಕಲ್ ಟೈರ್‌ಗೆ ಫುಲ್ ಗಾಳಿ ಹೊಡೆಯಬೇಡಿ, ಬೆಳಗ್ಗೆ ಹೊಡೆಯಿರಿ. ರಾತ್ರಿ ಖಾರ, ಮಸಾಲೆ, ಮೀನಿನೂಟದ ಆಸೆ ಬಿಟ್ಟು ಅನ್ನ, ಮೊಸರು ಅಥವಾ ಇಡ್ಲಿ ತಿನ್ನಿ. ಬೆಳಗ್ಗೆ ರೇಸ್‌ಗೆ ಎರಡೂವರೆ-ಮೂರು ಗಂಟೆ ಮುಂಚೆ ತಿಂಡಿ ಮುಗಿದಿರಬೇಕು.

ಬರೀ ಮುಗಿಸಬೇಕು ಅನ್ನೋರಿಗೆ ಒಂದು ಲೆಕ್ಕ:

- ಈಜು: 55 ನಿಮಿಷ. ಇದಕ್ಕಿರುವ ಗಡುವು 1 ಗಂಟೆ 10 ನಿಮಿಷ
- ಎರಡು ಕಡೆ ಬದಲಾವಣೆ ಸೇರಿ: 15 ನಿಮಿಷ
- ಸೈಕಲ್: 4 ಗಂಟೆ, ಅಂದರೆ ಗಂಟೆಗೆ 22.5 ಕಿ.ಮೀ. ಸರಾಸರಿ
- ಓಟ: 3 ಗಂಟೆ, ಅಂದರೆ ಕಿ.ಮೀ.ಗೆ ಎಂಟೂವರೆ ನಿಮಿಷ
- ಒಟ್ಟು: 8 ಗಂಟೆ 10 ನಿಮಿಷ. ಕೈಯಲ್ಲಿ ಉಳಿಯೋದು 20 ನಿಮಿಷ

ಸಮುದ್ರದಲ್ಲಿ ಗುಂಪಿನ ಮಧ್ಯೆ ನುಗ್ಗಬೇಡಿ, ಅಂಚಿನಲ್ಲಿ ಈಜಿ. ಈಜುಕೊಳದಲ್ಲಿ ಕಲಿತವರು ಮೊದಲೇ ಅಲೆಯಲ್ಲಿ ಪ್ರಾಕ್ಟೀಸ್ ಮಾಡಿರಬೇಕು, ಮಳೆಗಾಲದ ಕಡಲಲ್ಲಿ ಅಲ್ಲ, ಒಬ್ಬರೇ ಅಂತೂ ಅಲ್ಲವೇ ಅಲ್ಲ. ಸೈಕಲ್ ಮುಟ್ಟುವ ಮೊದಲು ಹೆಲ್ಮೆಟ್ ಪಟ್ಟಿ ಹಾಕಿರಲೇಬೇಕು, ಇಲ್ಲದಿದ್ದರೆ ದಂಡನೆ. ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸೋದಕ್ಕೂ ದಂಡನೆ ಇದೆ, 12 ಮೀಟರ್ ಅಂತರ ಇರಬೇಕು.

ಸೈಕಲ್ ಮೇಲೆ 15 ನಿಮಿಷಕ್ಕೊಮ್ಮೆ ಎರಡು-ಮೂರು ಗುಟುಕು, ಅರ್ಧ ಗಂಟೆಗೊಮ್ಮೆ ತಿನ್ನೋದು. ಏದುಸಿರು ಬಿಡುವಾಗ ಹೊಟ್ಟೆಗೆ ಏನೂ ಸೇರಲ್ಲ, ಹಾಗಾಗಿ ಏರಿನಲ್ಲಿ ಬೇಡ, ಸಮತಟ್ಟಿನಲ್ಲಿ ತಿನ್ನಿ.

ಬೆಳಗ್ಗೆ ಏಳಕ್ಕೆ ನೀರಿಗಿಳಿದರೆ ಈ ಲೆಕ್ಕದಲ್ಲಿ ಓಟ ಶುರುವಾಗೋದು ಮಧ್ಯಾಹ್ನ ಹನ್ನೆರಡರ ಮೇಲೆ. ಅಸಲಿ ರೇಸ್ ಅಲ್ಲೇ. ಸಿಕ್ಕ ಐಸನ್ನು ಟೋಪಿಯೊಳಗೆ, ಕುತ್ತಿಗೆ ಹಿಂದೆ ಹಾಕಿಕೊಳ್ಳಿ, ನೀರು ತಲೆಗೆ ಸುರಿದುಕೊಳ್ಳಿ. ನೀರು ಕೊಡುವ ಪ್ರತಿ ಜಾಗದಲ್ಲೂ ಒಂದು ನಿಮಿಷ ನಡೆಯಿರಿ. ನಡೆದರೆ ಮರ್ಯಾದೆ ಹೋಗಲ್ಲ.

ಈ ಲಕ್ಷಣ ಕಂಡರೆ ರೇಸ್ ಅಲ್ಲಿಗೇ ಮುಗೀತು

ಕಾಲು ಹಿಡಿಯೋದು, ಸುಸ್ತು, ಬಾಯಾರಿಕೆ ಮಾಮೂಲಿ. ಆದರೆ ಮಾತು ತೊದಲುವುದು, ತೂರಾಡುವುದು, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು, ಬಿಸಿಲಲ್ಲೂ ಮೈ ನಡುಗೋದು ಕಂಡರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಆಗ ದೇಹದ ಒಳಗಿನ ಉಷ್ಣ 40 ಡಿಗ್ರಿ ದಾಟಿರುತ್ತದೆ. ಬೆವರು ಸುರೀತಾ ಇದೆ, ಏನಾಗಲ್ಲ ಅಂತ ಬಿಡಬೇಡಿ. ಓಟಗಾರರಿಗೆ ಬೆವರುತ್ತಿರುವಾಗಲೇ ಇದು ಬಡಿಯುತ್ತದೆ.

ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಆದರೆ ಅದು ಬರೋವರೆಗೂ ಕಾಯಬೇಡಿ. ಆಗಲೇ ತಂಪು ಮಾಡಲು ಶುರುಮಾಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಸಾಧ್ಯವಾದರೆ ಟಬ್ ನೀರಲ್ಲಿ ಕುತ್ತಿಗೆವರೆಗೆ ಕೂರಿಸಿ, ತಲೆ ಹಿಡಿದುಕೊಂಡಿರಿ. ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು ಗಾಳಿ ಹಾಕಿ. ಮೊದಲ ಅರ್ಧ ಗಂಟೆಯೇ ಜೀವ ಉಳಿಸುವ ಸಮಯ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. 108 ನಂಬರ್ ಕರ್ನಾಟಕ, ಗೋವಾ ಎರಡೂ ಕಡೆ ಕೆಲಸ ಮಾಡುತ್ತದೆ.

ಈ ಮಾತು ಓಡುವವರಿಗಿಂತ ಜೊತೆಗೆ ಹೋಗುವ ಮನೆಯವರಿಗೆ, ಗೆಳೆಯರಿಗೆ ಮುಖ್ಯ. ಹೀಟ್ ಸ್ಟ್ರೋಕ್ ಆದವರಿಗೆ ತಮಗೆ ಆಗಿದೆ ಅಂತ ಗೊತ್ತಾಗಲ್ಲ. ನಿಲ್ಲಿಸಬೇಕಾದವರು ನೋಡ್ತಿರುವವರೇ.

ಅಂಗಡಿಯವರಿಗೂ ಒಂದು ಮಾತು

ಹೆದ್ದಾರಿ ಬದಿ, ಘಟ್ಟದ ಬುಡದಲ್ಲಿ ಅಂಗಡಿ ಇಟ್ಟವರ ಹತ್ತಿರ ಸೈಕಲ್ ಹುಡುಗರು ನಿಲ್ಲುತ್ತಾರೆ. ಅಸಲಿ ಒಆರ್‌ಎಸ್ ಪೊಟ್ಟಣ ಇಟ್ಟಿರಿ. ಹಣ್ಣಿನ ರಸದ ಡಬ್ಬಕ್ಕೆ ಒಆರ್‌ಎಸ್ ಅಂತ ಹೆಸರು ಹಾಕೋದನ್ನು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಹಳೇ ಸ್ಟಾಕ್ ಇದ್ದರೆ ನೋಡಿಕೊಳ್ಳಿ. ಪೊಟ್ಟಣ ಖಾಲಿಯಾಗಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ ಕೊಡಬಹುದು.

ಯಾರಾದರೂ ಬಂದು ದುಡ್ಡು ಎಣಿಸಲು ತಡವರಿಸಿದರೆ, ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟರೆ ಹೋಗಲು ಬಿಡಬೇಡಿ. ನೆರಳಲ್ಲಿ ಕೂರಿಸಿ, ತಲೆಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ.

ರೂಟ್, ಸಮಯ, ಗಡುವು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಹೋಗುವವರು ಆಯಾ ವರ್ಷದ ಅಥ್ಲೀಟ್ ಗೈಡ್ ಪೂರ್ತಿ ಓದಿಯೇ ಗಾಡಿ ಹತ್ತಿ.